ಲಕ್ವಾ ಆದಮ್ಯಾಲ ಫಿಟ್ಸ್: ಕಾಯಂ ಯಾವ ಗುಳಿಗಿ? ಅನುಭವ ಇದ್ದವರು ಹೇಳ್ರಿ

ಹಾನಗಲ್ಲಿನಿಂದ ಪ್ರಶ್ನೆ:
ನಮ್ಮ ಅಪ್ಪಾರಿಗೆ 68 ವರ್ಷ. ಹೋದ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಾವ. ಕೋಲು ಹಿಡಿದು ಅಡ್ಡಾಡ್ತಾರ. ಆರೇಳು ತಿಂಗಳ ಮ್ಯಾಲ ಒಮ್ಮೆ ಫಿಟ್ಸ್ ಬಂತು, ಎಪ್ಟಾಯಿನ್ ಬರೆದುಕೊಟ್ರು. ರಕ್ತ ತೆಳು ಮಾಡೋ ಗುಳಿಗಿ, ಕೊಲೆಸ್ಟ್ರಾಲ್ ಗುಳಿಗಿನೂ ಅದಾವ. ಇತ್ತೀಚಿಗೆ ನಡಿವಾಗ ಓಲಾಡ್ತಾರ. "ಒಮ್ಮೆ ಬಂದದ್ದಕ್ಕ ಜೀವನಪೂರ್ತಿ ಯಾಕ ನುಂಗ್ಲಿ, ಬಿಟ್ಟಬಿಡ್ತೀನಿ" ಅಂತ ಹಟ ಹಿಡದಾರ. ಗುಳಿಗಿ ಬದಲಿ ಮಾಡಿಸಿದವರು ಯಾರರ ಅದೀರೇನ್ರಿ?

ಗದಗಿನಿಂದ:
ತಂಗಿ, ಮೊದಲ ಒಂದು ಮಾತು. ಅಪ್ಪಾರು ತಾವಾಗೇ ಗುಳಿಗಿ ಬಿಡಬಾರದು. ಒಮ್ಮೆಲೆ ಬಿಟ್ರ ಫಿಟ್ಸ್ ಒಂದರ ಹಿಂದ ಒಂದು ಬಂದು ಜೀವಕ್ಕ ಕುತ್ತಾಗ್ತದ.

"ಒಮ್ಮೆ ಬಂದದ್ದಕ್ಕ ಯಾಕ" ಅನ್ನೋದಕ್ಕ ನಮ್ಮ ಅವ್ವನ ನ್ಯೂರಾಲಜಿ ಡಾಕ್ಟ್ರು ಛಲೋ ಬಿಡಿಸಿ ಹೇಳಿದ್ರು. ಲಕ್ವಾ ಹೊಡೆದ ಮೊದಲ 7 ದಿನದಾಗ ಬರೋ ಫಿಟ್ಸ್ ಬ್ಯಾರೆ. ಅವಾಗ ಮೆದುಳಿನ ಗಾಯ ಹಸಿ ಇರ್ತದ, ಅದಕ್ಕ ಕಾಯಂ ಗುಳಿಗಿ ಬೇಕಾಗೋದು ಕಡಿಮಿ. ತಿಂಗಳುಗಟ್ಟಲೆ ಆದಮ್ಯಾಲ ಬಂದ್ರ ಅದು ಗಾಯ ಮಾಯ್ದು ಉಳಿದ ಕಲೆಯಿಂದ ಬಂದದ್ದು. ಹಂಥವರಿಗೆ ಹತ್ತು ವರ್ಷದೊಳಗ ಮತ್ತ ಬರೋ ಸಾಧ್ಯತೆ ನೂರಕ್ಕ 60ಕ್ಕೂ ಹೆಚ್ಚು. ಅದಕ್ಕ 2014ರ ಅಂತಾರಾಷ್ಟ್ರೀಯ ವ್ಯಾಖ್ಯೆ ಪ್ರಕಾರ ಒಂದೇ ಸಲ ಬಂದ್ರೂ ಅದನ್ನ ಅಪಸ್ಮಾರ ಅಂತನ ಹಿಡೀತಾರ. ಇಷ್ಟು ಅಪ್ಪಾರಿಗೆ ಕೂಡಿಸಿ ಹೇಳ್ರಿ.

ಈಗ ಎಪ್ಟಾಯಿನ್. ಅಂದ್ರ ಫೆನಿಟಾಯಿನ್. ಅವ್ವಗೂ ಮೊದಲ ಅದನ್ನ ಕೊಟ್ಟಿದ್ರು, ಫಿಟ್ಸ್ ನಿಂತಿತ್ತು. ಆದ್ರ ಅವ್ವನ ಎದಿ ಬಡಿತ ಸರಿ ಇರಲಿಲ್ಲ, ರಕ್ತ ಹೆಪ್ಪುಗಟ್ಟದಂಗ ಅಪಿಕ್ಸಬಾನ್ ನಡದಿತ್ತು. ಫೆನಿಟಾಯಿನ್, ಕಾರ್ಬಮಜೆಪಿನ್, ಗಾರ್ಡಿನಾಲ್ ಈ ಮೂರೂ ಫಿಟ್ಸ್ ಗುಳಿಗಿ ಲಿವರಿನ ಕೆಲಸ ಜೋರು ಮಾಡಿ ಉಳಿದ ಔಷಧ ಲಗೂನ ಕರಗಿಸಿಬಿಡ್ತಾವ. ರಕ್ತ ತೆಳು ಮಾಡೋ ಅಪಿಕ್ಸಬಾನ್, ರಿವರೊಕ್ಸಬಾನ್, ಕೊಲೆಸ್ಟ್ರಾಲಿನ ಅಟೊರ್ವಸ್ಟಾಟಿನ್ ಎಲ್ಲಾದರ ಶಕ್ತಿ ಇಳೀತದ. ಫಿಟ್ಸ್ ತಡೀಲಿಕ್ಕೆ ಹೋಗಿ ಇನ್ನೊಂದು ಲಕ್ವಾಕ್ಕ ಬಾಗಿಲ ತೆಗೆದಂಗ. ರಕ್ತ ತೆಳು ಮಾಡೋ ಇನ್ನೊಂದು ಗುಳಿಗಿ ವಾರ್ಫರಿನ್ ಇದ್ರ ಐಎನ್‌ಆರ್ (ರಕ್ತ ಎಷ್ಟು ತೆಳು ಆಗ್ಯದ ಅಂತ ತೋರಿಸೋ ತಪಾಸಣಿ) ಮ್ಯಾಲ ಕೆಳಗ ಆಡ್ತದ. ಬರೇ ಆಸ್ಪಿರಿನ್ ಇದ್ರ ಈ ಚಿಂತಿ ಅಷ್ಟಿಲ್ಲ. ನಿಮ್ಮ ಅಪ್ಪಾರದು ಯಾವುದು ಅಂತ ಚೀಟಿ ನೋಡ್ರಿ.

ಎಲುಬಿನ ಮಾತೂ ಅದ. ಫೆನಿಟಾಯಿನ್‌ನಂಥಾ ಈ ಮೂರು ಗುಳಿಗಿ ವರ್ಷಾನುಗಟ್ಟಲೆ ತಗೊಂಡ್ರ ಎಲುಬು ಸವೀತಾವ. ಮೊದಲ ಒಂದು ಕಡೆ ಸೋತವರು ಜಾರಿ ಬಿದ್ರಂದ್ರ ಟೊಂಕದ ಎಲುಬು ಮುರಿಯೋದು ಎಷ್ಟೊತ್ತು?

ಅಪ್ಪಾರು ಓಲಾಡೋದನ್ನ ಹಗರ ತಗೋಬ್ಯಾಡ್ರಿ. ಫೆನಿಟಾಯಿನ್ ಡೋಸ್ ಸ್ವಲ್ಪ ಏರಿಸಿದ್ರೂ ರಕ್ತದಾಗ ಭಾಳ ಏರಿಬಿಡ್ತದ, ಹಂಗಾದಾಗ ನಡಿಗಿ ತಪ್ಪತದ. ರಕ್ತದಾಗಿನ ಮಟ್ಟ ತಪಾಸ ಮಾಡಿಸ್ರಿ. ಓಲಾಟ ಇದ್ದಕ್ಕಿದ್ದಂಗ ಶುರು ಆಗಿದ್ರ, ಅಥವಾ ಮಾತು ತೊದಲಿದ್ರ, ಅದೇ ದಿನ ದವಾಖಾನಿಗೆ ಕರಕೊಂಡು ಹೋಗ್ರಿ.

ಅವ್ವಗ ಆಮ್ಯಾಲ ಲೆವೆಟಿರಾಸೆಟಾಮ್ ಅನ್ನೋ ಬ್ಯಾರೆ ಫಿಟ್ಸ್ ಗುಳಿಗಿ ಶುರು ಮಾಡಿ, ಹಳೇದನ್ನ ಸಾವಕಾಶ ಇಳಿಸಿದ್ರು. ಇದು ಉಳಿದ ಗುಳಿಗಿ ಜೋಡಿ ಹೆಚ್ಚು ತಂಟೆ ಮಾಡೂದಿಲ್ಲ. ಕಿಡ್ನಿ ಸೋತಿದ್ರ ಡೋಸ್ ಕಡಿಮಿ ಮಾಡ್ಬೇಕು, ಕಿಡ್ನಿ ಹೆಂಗದ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟ್ ಒಯ್ಯಿರಿ.

ಧಾರವಾಡದಿಂದ:
ಮೇಲಿನವರು ಹೇಳಿದ ಲೆವೆಟಿರಾಸೆಟಾಮ್ ನಮ್ಮ ಮನೆಯವರಿಗೆ ಒಗ್ಗಲಿಲ್ಲ. ಶಾಂತ ಸ್ವಭಾವದವರು ತಾಟು ಎತ್ತಿ ಒಗೆಯುವಷ್ಟು ಸಿಟ್ಟು ಮಾಡಲು ಶುರು ಮಾಡಿದರು, ಆಮೇಲೆ ತಾವೇ ಅಳುತ್ತಿದ್ದರು. ಲಕ್ವಾ ಆದವರಿಗೆ ಮೊದಲೇ ಮನಸ್ಸು ಕುಗ್ಗಿರುತ್ತದೆ, ಎಲ್ಲರೂ ಅದೇ ಕಾರಣ ಎಂದರು. ಡಾಕ್ಟರ್ ಮಾತ್ರ ಗುಳಿಗೆಯನ್ನೇ ಅನುಮಾನಿಸಿ ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಗುಳಿಗೆಗೆ ಬದಲಿಸಿದರು. ಅದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಅವಸರ ಮಾಡಿದರೆ ಮೈಮೇಲೆ ಅಪಾಯಕಾರಿ ದದ್ದು ಏಳಬಹುದು. ದದ್ದು ಕಂಡ ಕೂಡಲೇ ಡಾಕ್ಟರರಿಗೆ ತೋರಿಸಬೇಕು. ಈಗ ಅವರು ಮೊದಲಿನ ಹಾಗೆ ಮೊಮ್ಮಕ್ಕಳ ಜೊತೆ ಕೂತು ಮಾತಾಡುತ್ತಾರೆ. ನನಗೆ ಫಿಟ್ಸ್ ನಿಂತಷ್ಟೇ ದೊಡ್ಡದು ಅದು.

ಸ್ವೀಡನ್ನಿನಲ್ಲಿ ಲಕ್ವಾ ನಂತರ ಅಪಸ್ಮಾರ ಬಂದ 2,500ಕ್ಕೂ ಹೆಚ್ಚು ಜನರ ದಾಖಲೆ ಹೋಲಿಸಿದಾಗ, ಕಾರ್ಬಮಜೆಪಿನ್ ತೆಗೆದುಕೊಂಡವರಿಗಿಂತ ಲ್ಯಾಮೋಟ್ರಿಜಿನ್ ತೆಗೆದುಕೊಂಡವರಲ್ಲಿ ಸಾವು ಕಡಿಮೆ, ವಾಲ್ಪ್ರೋಯೇಟ್ ಎಂಬ ಮತ್ತೊಂದು ಫಿಟ್ಸ್ ಗುಳಿಗೆಯವರಲ್ಲಿ ಹೆಚ್ಚು ಕಂಡಿತ್ತು. ದಾಖಲೆ ನೋಡಿ ಹಾಕಿದ ಲೆಕ್ಕ ಅದು. ಯಾರಿಗೆ ಯಾವ ಗುಳಿಗೆ ಕೊಟ್ಟಿದ್ದರು ಎಂಬುದರಿಂದಲೂ ವ್ಯತ್ಯಾಸ ಬಂದಿರಬಹುದು. ಡಾಕ್ಟರರನ್ನು ಕೇಳಲು ಒಂದು ಆಧಾರ, ಅಷ್ಟೇ.

ಹುಬ್ಬಳ್ಳಿಯಿಂದ, ಔಷಧ ಅಂಗಡಿಯವರು:
ಅಕ್ಕಾರ, ಇಲ್ಲಿನ ಕಿಮ್ಸ್ (ಈಗ ಕೆಎಂಸಿ-ಆರ್‌ಐ) ದವಾಖಾನಿಯ ನರರೋಗ ವಿಭಾಗಕ್ಕ ಬರೋದಿದ್ರ ಬರೇ ಫಿಟ್ಸ್ ಚೀಟಿ ತರಬ್ಯಾಡ್ರಿ. ಬಿಪಿ, ಶುಗರ್, ರಕ್ತ ತೆಳು ಮಾಡೋದು, ನೋವಿನ ಗುಳಿಗಿ, ಎಲ್ಲಾ ಪಾಕೀಟು ಒಂದು ಚೀಲದಾಗ ಹಾಕ್ಕೊಂಡು ಬರ್ರಿ. ಡಾಕ್ಟ್ರು ಅದನ್ನ ನೋಡೇ ಯಾವುದು ಹೊಂದತದ ಅಂತ ತೀರ್ಮಾನ ಮಾಡ್ಬೇಕು. ಜೆನೆರಿಕ್ ತಗೋರಿ, ತಪ್ಪಿಲ್ಲ, ಆದ್ರ ಪ್ರತಿ ತಿಂಗಳ ಕಂಪನಿ ಬದಲಿ ಮಾಡಬ್ಯಾಡ್ರಿ. ಉಪವಾಸ ಇದ್ದಾಗೂ ಗುಳಿಗಿ ತಪ್ಪಿಸಬಾರದು.

ಫಿಟ್ಸ್ ಬಂದ್ರ ಒಂದು ಮಗ್ಗಲಿಗೆ ಹೊರಳಿಸಿ ಮಲಗಿಸ್ರಿ. ಬಾಯಾಗ ಏನೂ ಇಡಬ್ಯಾಡ್ರಿ, ಕೈಯಾಗ ಕಬ್ಬಿಣ ಕೊಡೋದೂ ಬ್ಯಾಡ. ಗಡಿಯಾರ ನೋಡ್ರಿ, 5 ನಿಮಿಷ ದಾಟಿದ್ರ 108ಕ್ಕ ಫೋನ್ ಮಾಡ್ರಿ. ಫಿಟ್ಸ್ ನಿಲ್ಲಿಸ್ಲಿಕ್ಕೆ ಮೂಗಿನಾಗ ಹೊಡಿಯೋ ಮಿಡಜೋಲಂ ಸ್ಪ್ರೇ ಬರ್ತದ, ಚೀಟಿ ಇದ್ರ ಸಿಗ್ತದ. ಹಾನಗಲ್ಲಿನಿಂದ ದೊಡ್ಡ ದವಾಖಾನಿ ದೂರ, ಹಿಂಗಾಗಿ ಅದನ್ನ ಬರೆದುಕೊಡ್ರಿ ಅಂತ ಈ ಸಲನ ಕೇಳ್ರಿ.