ಚುನಾವಣಾ ಪದ್ಧತಿ ಬದಲಿಸಲು ನಡೆಸುವ ಜನಮತಗಣನೆಗೆ ಸರ್ಕಾರ ಬದ್ಧವಾಗಿರಲೇಬೇಕೇ?

ವೆಲ್ಲಿಂಗ್ಟನ್ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜಿಲೆಂಡಿನ ಕಾಯಂ ನಿವಾಸಿ. ಇಲ್ಲಿ ಕಾಯಂ ನಿವಾಸಿಗಳಿಗೂ ಮತದಾನದ ಹಕ್ಕು ಇರುವುದರಿಂದ, 2020ರ ಅಕ್ಟೋಬರ್ 17ರ ಸಾರ್ವತ್ರಿಕ ಚುನಾವಣೆಯ ಜೊತೆಗೇ ನಡೆದ ಎರಡು ಜನಮತಗಣನೆಗಳಲ್ಲಿ ನಾನೂ ಮತ ಹಾಕಿದ್ದೆ. ದಯಾಮರಣದ ಕಾಯ್ದೆಯನ್ನು ಕುರಿತ ತೀರ್ಪನ್ನು ಸರ್ಕಾರ ಪಾಲಿಸಲೇಬೇಕು, ಗಾಂಜಾ ಕುರಿತ ತೀರ್ಪು ಮಾತ್ರ ಸಲಹೆಯ ರೂಪದ್ದು ಎಂದು ಆಗ ಮೊದಲೇ ತಿಳಿಸಲಾಗಿತ್ತು. ಅದೇ ಮತದಾರರು ಅದೇ ದಿನ ಕೊಟ್ಟ ಎರಡು ಉತ್ತರಗಳಲ್ಲಿ ಒಂದಕ್ಕೆ ಕಾನೂನಿನ ಬಲ, ಇನ್ನೊಂದಕ್ಕೆ ಅದು ಇಲ್ಲ ಎನ್ನುವುದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ.

ಈ ವಿಷಯ ಈಗ ಮತ್ತೆ ಮುಂದೆ ಬರಲು ಕಾರಣ ಲಂಡನ್ನಿನಲ್ಲಿರುವ ನನ್ನ ಅಣ್ಣನೊಂದಿಗೆ ನಡೆದ ಚರ್ಚೆ. ಬ್ರಿಟನ್ನಿನಲ್ಲಿ ಸಂಸತ್ತೇ ಸಾರ್ವಭೌಮವಾದ್ದರಿಂದ ಯಾವ ಜನಮತಗಣನೆಯೂ ಸರ್ಕಾರವನ್ನು ಕಟ್ಟಿಹಾಕಲಾರದು, 2011ರಲ್ಲಿ ಚುನಾವಣಾ ಪದ್ಧತಿ ಬದಲಿಸಲು ಅಲ್ಲಿ ನಡೆದದ್ದೂ ಬರಿಯ ಸಲಹೆಯೇ ಎಂಬುದು ಅವರ ವಾದ. ಆದರೆ ನ್ಯೂಜಿಲೆಂಡಿನಲ್ಲಿ 1993ರ ಜನಮತಗಣನೆಯಿಂದಲೇ ಇಡೀ ಪದ್ಧತಿ ಬದಲಾಯಿತು. ಇಲ್ಲಿಯೂ ಸಂಸತ್ತೇ ಸಾರ್ವಭೌಮ. ಹಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಬಹುಮತ ಎಷ್ಟು ದೊಡ್ಡದು ಎನ್ನುವುದರ ಮೇಲೆ ಇದು ನಿಂತಿದೆಯೇ? ತಿಳಿದವರು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಸಂವಿಧಾನದ ವಿದ್ಯಾರ್ಥಿ

ಬಹುಮತದ ಗಾತ್ರಕ್ಕೂ ಕಾನೂನಿನ ಬಲಕ್ಕೂ ನೇರ ಸಂಬಂಧವಿಲ್ಲ ಎನ್ನುವುದಕ್ಕೆ ನೀವಿರುವ ದೇಶಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 1992ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೊದಲ ಜನಮತಗಣನೆ ನಡೆದಾಗ ಶೇ 84.7ರಷ್ಟು ಮತದಾರರು ಪದ್ಧತಿ ಬದಲಾಗಲಿ ಎಂದರು. ಮುಂದಿಟ್ಟಿದ್ದ ನಾಲ್ಕು ಪರ್ಯಾಯಗಳಲ್ಲಿ ಮಿಶ್ರ ಸದಸ್ಯ ಪ್ರಾತಿನಿಧ್ಯ ಪದ್ಧತಿಯನ್ನು, ಅಂದರೆ ಈಗಿನ ಎಂಎಂಪಿಯನ್ನು (ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಮತ ಹಾಕಿ, ಪಕ್ಷಗಳ ಒಟ್ಟು ಸ್ಥಾನ ಅವುಗಳ ಮತಪ್ರಮಾಣಕ್ಕೆ ತಕ್ಕಂತಿರಲು ಉಳಿದ ಸ್ಥಾನಗಳನ್ನು ಪಕ್ಷದ ಪಟ್ಟಿಯಿಂದ ತುಂಬುವ ಪದ್ಧತಿ), ಶೇ 70.5ರಷ್ಟು ಜನ ಆರಿಸಿದರು. ಇಷ್ಟು ದೊಡ್ಡ ಬಹುಮತವಿದ್ದರೂ ಅದು ಕಾನೂನಿನ ದೃಷ್ಟಿಯಿಂದ ಕೇವಲ ಸೂಚನೆಯಾಗಿತ್ತು. ಮರುವರ್ಷ ನವೆಂಬರ್ 6ರಂದು, ಸಾರ್ವತ್ರಿಕ ಚುನಾವಣೆಯ ದಿನವೇ ನಡೆದ ಎರಡನೆಯ ಜನಮತಗಣನೆಯಲ್ಲಿ ಎಂಎಂಪಿಗೆ ದೊರೆತದ್ದು ಶೇ 53.9 ಮಾತ್ರ. ಆದರೆ ಪದ್ಧತಿಯನ್ನು ಬದಲಿಸಿದ್ದು ಈ ಚಿಕ್ಕ ಬಹುಮತವೇ.

ಕಾರಣ ಇಷ್ಟೇ: ಎರಡನೆಯ ಮತದಾನಕ್ಕೆ ಮುನ್ನವೇ ಸಂಸತ್ತು 1993ರ ಚುನಾವಣಾ ಕಾಯ್ದೆಯನ್ನು ಅಂಗೀಕರಿಸಿ, ಜನಮತಗಣನೆಯಲ್ಲಿ ಎಂಎಂಪಿ ಗೆದ್ದರೆ ಮಾತ್ರ ಅದು ಜಾರಿಗೆ ಬರುತ್ತದೆ ಎಂದು ಷರತ್ತು ವಿಧಿಸಿತ್ತು. ಮತದಾರರ ಮುಂದೆ ಇದ್ದದ್ದು ಆಶಯವಲ್ಲ, ಕಲಂಗಳ ಸಮೇತ ಸಿದ್ಧವಾಗಿದ್ದ ಕಾನೂನು. ಅವರು ಒಪ್ಪಿದ ಮೇಲೆ ಸರ್ಕಾರ ಹೊಸದಾಗಿ ತೀರ್ಮಾನಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಹಳೆಯ ಪದ್ಧತಿಯೇ ಇರಲಿ ಎನ್ನುತ್ತಿದ್ದ ಜಿಮ್ ಬೋಲ್ಜರ್ ಆಗ ಪ್ರಧಾನಿಯಾಗಿದ್ದರು ಎನ್ನುವುದನ್ನೂ ಇಲ್ಲಿ ಗಮನಿಸಬೇಕು. 1996ರ ಚುನಾವಣೆ ಹೊಸ ಪದ್ಧತಿಯಲ್ಲೇ ನಡೆಯಿತು. 2020ರ ನಿಮ್ಮ ಅನುಭವದ ಹಿಂದೆ ಇರುವುದೂ ಇದೇ ತತ್ತ್ವ. ದಯಾಮರಣದ ಕಾಯ್ದೆ 2019ರಲ್ಲೇ ಅಂಗೀಕಾರವಾಗಿ ಜನರ ಒಪ್ಪಿಗೆಗಾಗಿ ಕಾದಿತ್ತು. ಗಾಂಜಾ ವಿಷಯದಲ್ಲಿ ಇದ್ದದ್ದು ಸಂಸತ್ತು ಇನ್ನೂ ಕೈಗೆತ್ತಿಕೊಳ್ಳದ ಕರಡು ಮಸೂದೆ.

ಇನ್ನು ನಿಮ್ಮ ಅಣ್ಣನವರ ವಾದ. ಬ್ರಿಟನ್ನಿನ 2011ರ ಜನಮತಗಣನೆ ಬರಿಯ ಸಲಹೆಯಾಗಿತ್ತು ಎನ್ನುವುದನ್ನು ಒಪ್ಪಲಾಗದು. ಅದನ್ನು ನಡೆಸಲು ಮಾಡಿದ ಸಂಸದೀಯ ಮತದಾನ ಪದ್ಧತಿ ಮತ್ತು ಕ್ಷೇತ್ರಗಳ ಕಾಯ್ದೆಯ 8ನೆಯ ಸೆಕ್ಷನ್, 'ಹೌದು' ಎಂಬ ಮತಗಳು ಹೆಚ್ಚಾದರೆ ಪರ್ಯಾಯ ಮತ ಪದ್ಧತಿಯನ್ನು (ಅಭ್ಯರ್ಥಿಗಳಿಗೆ ಆದ್ಯತೆಯ ಕ್ರಮ ಕೊಟ್ಟು, ಒಬ್ಬರಿಗೆ ಬಹುಮತ ಬರುವವರೆಗೆ ಕೊನೆಯವರ ಮತಗಳನ್ನು ಮರುಹಂಚುವ ಪದ್ಧತಿ) ಜಾರಿಗೆ ತರುವ ಆದೇಶವನ್ನು ಸಚಿವರು ಹೊರಡಿಸಲೇಬೇಕು ಎಂದು ವಿಧಿಸಿತ್ತು. ಆ ಪದ್ಧತಿಯ ನಿಯಮಗಳೂ ಅದೇ ಕಾಯ್ದೆಯಲ್ಲಿದ್ದವು. ಶೇ 67.9ರಷ್ಟು ಜನ 'ಬೇಡ' ಎಂದದ್ದರಿಂದ ಆ ಸೆಕ್ಷನ್ನಿಗೆ ಕೆಲಸ ಬೀಳಲಿಲ್ಲ, ಅಷ್ಟೆ.

ಐರೋಪ್ಯ ಒಕ್ಕೂಟದಿಂದ ಹೊರಬರುವ 2016ರ ಜನಮತಗಣನೆಯ ಕಾಯ್ದೆಯಲ್ಲಿ ಇಂಥ ಸೆಕ್ಷನ್ ಇರಲಿಲ್ಲ. 2017ರ ಜನವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕಾಯ್ದೆಯಿಲ್ಲದೆ ಸರ್ಕಾರ ತಾನೇ ಒಕ್ಕೂಟ ಬಿಡುವ ಪ್ರಕ್ರಿಯೆ ಆರಂಭಿಸಬಹುದೇ ಎಂಬ ಪ್ರಶ್ನೆ ಬಂದ ಮಿಲ್ಲರ್ ಪ್ರಕರಣದಲ್ಲಿ ಈ ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ಫಲಿತಾಂಶದ ಪರಿಣಾಮವೇನು ಎಂಬುದನ್ನು ಕಾಯ್ದೆಯೇ ಹೇಳದಿದ್ದಾಗ ಆ ಫಲಿತಾಂಶಕ್ಕೆ ರಾಜಕೀಯ ಮಹತ್ವ ಎಷ್ಟೇ ಇದ್ದರೂ ಕಾನೂನನ್ನು ಬದಲಿಸುವ ಬಲ ಇರುವುದಿಲ್ಲ, ಅದಕ್ಕೆ ಸಂಸತ್ತು ಬೇರೆ ಕಾಯ್ದೆ ಮಾಡಬೇಕು ಎಂದು ಎಂಟು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಮೂವರು ಭಿನ್ನ ತೀರ್ಪು ಕೊಟ್ಟರು. ಆದ್ದರಿಂದ ಯಾವುದೇ ಜನಮತಗಣನೆ ಘೋಷಣೆಯಾದಾಗ ನಾವು ಮೊದಲು ಓದಬೇಕಾದದ್ದು ಮತಪತ್ರದ ಪ್ರಶ್ನೆಯನ್ನಲ್ಲ, ಅದನ್ನು ನಡೆಸಲು ಮಾಡಿದ ಕಾಯ್ದೆಯನ್ನು ಎಂದು ನಾನು ದೃಢವಾಗಿ ನಂಬುತ್ತೇನೆ.

ವ್ಯಾಂಕೂವರ್ ಕನ್ನಡತಿ

ಮೇಲಿನ ವಿವರಣೆ ಕಾನೂನಿನ ಮಟ್ಟಿಗೆ ಸರಿಯಾಗಿದೆ. ಆದರೆ ಕೆನಡಾದಲ್ಲಿ ಇದನ್ನು ಹತ್ತಿರದಿಂದ ನೋಡಿದ ನನಗೆ, ಕಾಯ್ದೆಯನ್ನು ಓದಿದರೆ ಸಾಕು ಎನ್ನಿಸುವುದಿಲ್ಲ. ಕಾಯ್ದೆಯಲ್ಲಿ ಬರೆದ ಷರತ್ತು ಜನರ ಕೈ ಕಟ್ಟುವುದೂ ಉಂಟು.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2004ರಲ್ಲಿ ಚೀಟಿ ಎತ್ತಿ ಆರಿಸಿದ 160 ಸಾಮಾನ್ಯ ನಾಗರಿಕರ ಸಭೆ ತಿಂಗಳುಗಟ್ಟಲೆ ಅಧ್ಯಯನ ನಡೆಸಿ, ಏಕ ವರ್ಗಾವಣೀಯ ಮತ ಪದ್ಧತಿಯನ್ನು (ಹಲವು ಸದಸ್ಯರ ಕ್ಷೇತ್ರದಲ್ಲಿ ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿ) ಶಿಫಾರಸು ಮಾಡಿತು. 2005ರ ಮೇ 17ರ ಜನಮತಗಣನೆಯಲ್ಲಿ ಶೇ 57.7ರಷ್ಟು ಜನ ಅದಕ್ಕೆ ಒಪ್ಪಿದರು. 79 ಕ್ಷೇತ್ರಗಳ ಪೈಕಿ 77ರಲ್ಲಿ ಬಹುಮತ ಬಂದಿತು. ಆದರೆ ಸರ್ಕಾರವನ್ನು ಕಟ್ಟಿಹಾಕಲು ಒಟ್ಟು ಮತಗಳಲ್ಲಿ ಶೇ 60 ಬೇಕು ಎಂದು ಮೊದಲೇ ವಿಧಿಸಲಾಗಿತ್ತು. ಇದೇ ಪ್ರಾಂತ್ಯದಲ್ಲಿ ಅದಕ್ಕಿಂತ ಕಡಿಮೆ ಮತ ಪಡೆದ ಪಕ್ಷ ಪೂರ್ಣ ಬಹುಮತದ ಸರ್ಕಾರ ರಚಿಸಬಹುದು. ಸರ್ಕಾರ ರಚನೆಯ ಪದ್ಧತಿಯನ್ನು ಬದಲಿಸಲು ಮಾತ್ರ ಜನರಿಂದ ಅದಕ್ಕಿಂತ ಹೆಚ್ಚು ಕೇಳಲಾಗುತ್ತದೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಸರ್ಕಾರ 2009ರಲ್ಲಿ ಮತ್ತೆ ಕೇಳಿದಾಗ ಬೆಂಬಲ ಶೇ 39ಕ್ಕೆ ಕುಸಿದಿತ್ತು.

ಕೆನಡಾದ ಇನ್ನೊಂದು ಪ್ರಾಂತ್ಯವಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕಥೆ ಇನ್ನೂ ನೋವಿನದು. 2016ರಲ್ಲಿ ಅಲ್ಲಿ ಐದು ಆಯ್ಕೆಗಳಿಗೆ ಆದ್ಯತೆಯ ಕ್ರಮದಲ್ಲಿ ಮತ ಕೇಳಲಾಯಿತು. ಹದಿನಾರು ಹದಿನೇಳು ವಯಸ್ಸಿನವರಿಗೂ ಮತ ಹಾಕುವ ಅವಕಾಶವಿತ್ತು. ಆದ್ಯತೆಗಳ ವರ್ಗಾವಣೆ ಮುಗಿದ ಮೇಲೆ ಮಿಶ್ರ ಸದಸ್ಯ ಪದ್ಧತಿಗೆ ಶೇ 52ಕ್ಕೂ ಹೆಚ್ಚು ಮತ ಬಂದಿತು. ಅದು ಸಲಹೆಯ ರೂಪದ ಮತದಾನವಾಗಿತ್ತು. ಭಾಗವಹಿಸಿದವರು ಶೇ 36.5ರಷ್ಟು ಮಾತ್ರ ಎಂಬ ಕಾರಣ ನೀಡಿ ಪ್ರೀಮಿಯರ್ (ಪ್ರಾಂತ್ಯ ಸರ್ಕಾರದ ಮುಖ್ಯಸ್ಥ) ವೇಡ್ ಮೆಕ್‌ಲಾಕ್ಲನ್ ಅವರ ಸರ್ಕಾರ ಅದನ್ನು ಜಾರಿಗೊಳಿಸಲಿಲ್ಲ. ಇಷ್ಟು ಮತದಾರರು ಬರಬೇಕು ಎಂಬ ಷರತ್ತನ್ನು ಮೊದಲೇ ಹೇಳಿದ್ದರೆ ಅದನ್ನು ಒಪ್ಪಬಹುದಿತ್ತು. ಪೋಲೆಂಡಿನಲ್ಲಿ ಹಾಗೆ ನಿಯಮವಿದೆ: ಅರ್ಧಕ್ಕಿಂತ ಹೆಚ್ಚು ಮತದಾರರು ಬಾರದಿದ್ದರೆ ಫಲಿತಾಂಶ ಕಡ್ಡಾಯವಾಗದು. 2015ರಲ್ಲಿ ಏಕಸದಸ್ಯ ಕ್ಷೇತ್ರಗಳ (ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ) ಬಗ್ಗೆ ನಡೆದ ಜನಮತಗಣನೆಗೆ ಶೇ 7.8ರಷ್ಟು ಜನ ಮಾತ್ರ ಬಂದಾಗ ಮೋಸ ಎನ್ನಲು ಕಾರಣವಿರಲಿಲ್ಲ. ಫಲಿತಾಂಶ ಬಂದ ಮೇಲೆ ಷರತ್ತು ಹುಡುಕುವುದು ಬೇರೆಯೇ ಮಾತು.

ಬ್ರಿಟನ್ನಿನ 2011ರ ಕಾಯ್ದೆಯ ಬಗ್ಗೆಯೂ ಒಂದು ಮಾತು. ಆ 8ನೆಯ ಸೆಕ್ಷನ್ನಿನಲ್ಲಿ ಎರಡನೆಯ ಷರತ್ತೂ ಇತ್ತು. ಕ್ಷೇತ್ರಗಳ ಪುನರ್ವಿಂಗಡಣೆಯ ಆದೇಶದ ಕರಡು ಸಂಸತ್ತಿನ ಹಂತ ದಾಟಿ ರಾಣಿಯವರ ಮುಂದೆ ಹೋದ ಮೇಲೆಯೇ ಹೊಸ ಪದ್ಧತಿ ಜಾರಿಗೆ ಬರಬೇಕಿತ್ತು. 2013ರಲ್ಲಿ ಸಮ್ಮಿಶ್ರ ಸರ್ಕಾರದ ಎರಡು ಪಕ್ಷಗಳು ಜಗಳವಾಡಿಕೊಂಡು ಆ ಪುನರ್ವಿಂಗಡಣೆಯೇ 2018ಕ್ಕೆ ಮುಂದೆ ಹೋಯಿತು. ಜನ 'ಹೌದು' ಎಂದಿದ್ದರೆ ರಾಜಕೀಯ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಆದರೆ 'ಕಡ್ಡಾಯ' ಎನ್ನಿಸಿಕೊಂಡ ಆ ಸೆಕ್ಷನ್ನಿನ ಕೀಲಿ ಕೈ ಸಂಸತ್ತಿನ ಬಳಿಯೇ ಇತ್ತು.

ವೆಲ್ಲಿಂಗ್ಟನ್ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಜನರು ಆರಿಸಿದ ಪದ್ಧತಿಯನ್ನು ಮುಂದಿನ ಸಂಸತ್ತು ಜನರನ್ನು ಕೇಳದೆಯೇ ತೆಗೆದುಹಾಕಬಹುದೇ? ಇಲ್ಲಿನ ಚುನಾವಣಾ ಕಾಯ್ದೆಗೆ ವಿಶೇಷ ರಕ್ಷಣೆ ಇದೆ ಎಂದು ಕೇಳಿದ್ದೇನೆ. ಭಾರತದಲ್ಲಿ ಇದಕ್ಕೆ ಹೋಲುವಂಥ ವ್ಯವಸ್ಥೆ ಏನಾದರೂ ಇದೆಯೇ?

ನಿವೃತ್ತ ಅಧ್ಯಾಪಕ, ಮೈಸೂರು

ನೀವು ಕೇಳಿದ ರಕ್ಷಣೆ ಇದೆ, ಆದರೆ ಅದು ನೀವು ಭಾವಿಸಿದಷ್ಟು ದೂರ ಚಾಚಿಲ್ಲ. ನ್ಯೂಜಿಲೆಂಡಿನ 1993ರ ಚುನಾವಣಾ ಕಾಯ್ದೆಯ 268ನೆಯ ಸೆಕ್ಷನ್ನಿನ ಪ್ರಕಾರ ಸಂಸತ್ತಿನ ಅವಧಿ, ಮತದಾರರ ವಯಸ್ಸು, ಕ್ಷೇತ್ರಗಳ ಗಡಿ ಗುರುತಿಸುವ ಕ್ರಮ, ಮತ ಹಾಕುವ ವಿಧಾನ ಮುಂತಾದ ಕೆಲವು ನಿಯಮಗಳನ್ನು ಬದಲಿಸಬೇಕಾದರೆ ಶೇ 75ರಷ್ಟು ಸಂಸದರ ಒಪ್ಪಿಗೆ ಬೇಕು, ಇಲ್ಲವೇ ಜನಮತಗಣನೆಯಲ್ಲಿ ಬಹುಮತ ಬೇಕು. ಆದರೆ ಪಕ್ಷಗಳ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುವ ಸೆಕ್ಷನ್‌ಗಳು, ಅಂದರೆ ಎಂಎಂಪಿಯ ಜೀವಾಳವೇ, ಆ ಪಟ್ಟಿಯಲ್ಲಿಲ್ಲ. ಅದೂ ಅಲ್ಲದೆ 268ನೆಯ ಸೆಕ್ಷನ್ನಿಗೇ ಅಂಥ ರಕ್ಷಣೆ ಇಲ್ಲ. ಕಾನೂನಿನ ಅಕ್ಷರದ ಪ್ರಕಾರ ಸಾಧಾರಣ ಬಹುಮತದಿಂದ ಎಂಎಂಪಿಯನ್ನು ರದ್ದು ಮಾಡಬಹುದು. ಇದುವರೆಗೆ ಯಾರೂ ಆ ಸಾಹಸಕ್ಕೆ ಕೈ ಹಾಕದಿರುವುದಕ್ಕೆ ಕಾರಣ, ಜನರು ಮತ ಹಾಕಿ ತಂದದ್ದನ್ನು ಜನರನ್ನು ಕೇಳದೆ ತೆಗೆಯಬಾರದು ಎಂಬ ರೂಢಿ ಅಲ್ಲಿ ಬೇರೂರಿರುವುದು.

2011ರಲ್ಲಿ ಈ ಪದ್ಧತಿ ಬೇಕೇ ಬೇಡವೇ ಎಂದು ಮತ್ತೆ ಕೇಳಿದಾಗ ಶೇ 57.8ರಷ್ಟು ಜನ ಅದೇ ಇರಲಿ ಎಂದರು. ಆ ಫಲಿತಾಂಶದ ಜೊತೆಗೆ ಪದ್ಧತಿಯ ಪರಿಶೀಲನೆ ನಡೆಸಬೇಕೆಂದು ಕಾಯ್ದೆ ಚುನಾವಣಾ ಆಯೋಗಕ್ಕೆ ವಿಧಿಸಿತ್ತು. ಪಟ್ಟಿಯಿಂದ ಸ್ಥಾನ ಪಡೆಯಲು ಪಕ್ಷಕ್ಕೆ ಬೇಕಾದ ಕನಿಷ್ಠ ಮತವನ್ನು ಶೇ 5ರಿಂದ ಶೇ 4ಕ್ಕೆ ಇಳಿಸಬೇಕು, ಒಂದು ಕ್ಷೇತ್ರ ಗೆದ್ದ ಪಕ್ಷಕ್ಕೆ ಆ ಮಿತಿಯಿಂದ ಕೊಡುವ ವಿನಾಯಿತಿ ಹೋಗಬೇಕು ಎಂದು ಆಯೋಗ 2012ರಲ್ಲಿ ಶಿಫಾರಸು ಮಾಡಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಪರಿಶೀಲನೆ ಕಡ್ಡಾಯವಾಗಿತ್ತು, ಅದರ ಫಲ ಕಡ್ಡಾಯವಾಗಿರಲಿಲ್ಲ. ಅದೇ ರೀತಿ, ನಾಗರಿಕರೇ ಸಹಿ ಸಂಗ್ರಹಿಸಿ 1999ರಲ್ಲಿ ಸಾಧಿಸಿದ ಜನಮತಗಣನೆಯಲ್ಲಿ ಸಂಸದರ ಸಂಖ್ಯೆ 120ರಿಂದ 99ಕ್ಕೆ ಇಳಿಯಲಿ ಎಂದು ಶೇ 80ಕ್ಕಿಂತ ಹೆಚ್ಚು ಜನ ಹೇಳಿದರೂ ಸಂಖ್ಯೆ ಇಳಿಯಲಿಲ್ಲ, ಏಕೆಂದರೆ ಅಂಥ ಜನಮತಗಣನೆಗಳು ಸಲಹೆ ಮಾತ್ರ ಎಂದು 1993ರ ಇನ್ನೊಂದು ಕಾಯ್ದೆ ಹೇಳುತ್ತದೆ.

ನಿಜವಾದ ಬೀಗ ಇರುವುದು ಐರ್ಲೆಂಡಿನಲ್ಲಿ. ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡುವ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ಅಲ್ಲಿ ಸಂವಿಧಾನದ 16ನೆಯ ವಿಧಿಯಲ್ಲೇ ಬರೆದಿದ್ದಾರೆ, ಸಂವಿಧಾನದ ಯಾವ ತಿದ್ದುಪಡಿಗೂ ಜನಮತಗಣನೆ ಕಡ್ಡಾಯ. ಅಧಿಕಾರದಲ್ಲಿದ್ದ ಫಿಯಾನಾ ಫಾಲ್ ಪಕ್ಷ ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಬ್ರಿಟನ್ನಿನ ಮಾದರಿಯ ಪದ್ಧತಿ ತರಲು 1959ರಲ್ಲಿ ಒಮ್ಮೆ, 1968ರಲ್ಲಿ ಇನ್ನೊಮ್ಮೆ ಪ್ರಯತ್ನಿಸಿ ಎರಡು ಸಲವೂ ಸೋತಿತು. 1959ರಲ್ಲಂತೂ ಅದೇ ದಿನ ನಡೆದ ರಾಷ್ಟ್ರಪತಿ ಚುನಾವಣೆಯಲ್ಲಿ ಆ ಪಕ್ಷದ ನಾಯಕ ಡಿ ವಲೇರಾ ಅವರನ್ನು ಗೆಲ್ಲಿಸಿದ ಮತದಾರರು, ಅವರು ಕೇಳಿದ ಬದಲಾವಣೆಯನ್ನು ತಿರಸ್ಕರಿಸಿದರು. ಸರ್ಕಾರಕ್ಕೆ ಬೇರೆ ದಾರಿಯೇ ಇರಲಿಲ್ಲ.

ಇಟಲಿಯದು ಮತ್ತೊಂದು ಬಗೆ. ಅಲ್ಲಿ ಸಂವಿಧಾನದ 75ನೆಯ ವಿಧಿಯಡಿ ಐದು ಲಕ್ಷ ಮತದಾರರು ಕೋರಿದರೆ ಇರುವ ಕಾನೂನನ್ನು ಅಥವಾ ಅದರ ಭಾಗವನ್ನು ರದ್ದುಪಡಿಸುವ ಜನಮತಗಣನೆ ನಡೆಯುತ್ತದೆ. 1993ರ ಏಪ್ರಿಲ್ 18ರಂದು ಸೆನೆಟ್ ಚುನಾವಣಾ ಕಾನೂನಿನ ಕೆಲವು ಪದಗಳನ್ನು ಅಳಿಸಲು ಶೇ 82ಕ್ಕೂ ಹೆಚ್ಚು ಜನ ಮತ ಹಾಕಿದರು. ಉಳಿದ ಪದಗಳಿಂದಲೇ ಬೇರೆ ಪದ್ಧತಿ ರೂಪುಗೊಂಡು, ಸಂಸತ್ತು ಅದೇ ವರ್ಷ ಹೊಸ ಕಾನೂನು ಮಾಡಬೇಕಾಯಿತು.

ಭಾರತದ ಸಂವಿಧಾನದಲ್ಲಿ ಜನಮತಗಣನೆಗೆ ಅವಕಾಶ ಕಲ್ಪಿಸಿಲ್ಲ. ನಮ್ಮ ನೆರೆಯ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರದೊಂದಿಗೆ ವಿಲೀನದ ಪ್ರಶ್ನೆಗೆ ಜನಾಭಿಪ್ರಾಯ ಕೇಳಲು ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಬೇಕಾಯಿತು. ಚುನಾವಣಾ ಪದ್ಧತಿಯ ವಿಷಯದಲ್ಲಿ, ರಾಜ್ಯಸಭೆಗೂ ರಾಷ್ಟ್ರಪತಿ ಸ್ಥಾನಕ್ಕೂ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ಸಂವಿಧಾನವೇ ಹೇಳಿದೆ. ಲೋಕಸಭೆಗೆ ಪ್ರಾದೇಶಿಕ ಕ್ಷೇತ್ರಗಳಿಂದ ನೇರ ಚುನಾವಣೆ ನಡೆಯಬೇಕು ಎಂದಷ್ಟೇ ಅದು ಹೇಳುತ್ತದೆ. ಅತಿ ಹೆಚ್ಚು ಮತ ಪಡೆದವರೇ ಗೆದ್ದರು ಎಂಬ ನಿಯಮ ಇರುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯಡಿ ರಚಿಸಿದ ನಿಯಮಗಳಲ್ಲಿ. 1999ರಲ್ಲಿ ಕಾನೂನು ಆಯೋಗ ತನ್ನ 170ನೆಯ ವರದಿಯಲ್ಲಿ ಪಕ್ಷಗಳ ಪಟ್ಟಿಯಿಂದ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ತುಂಬುವ ಪಟ್ಟಿ ಪದ್ಧತಿಯನ್ನೂ ಭಾಗಶಃ ಸೇರಿಸುವ ಸಲಹೆ ಕೊಟ್ಟಿತ್ತು. ಅಂಥ ಬದಲಾವಣೆ ಎಂದಾದರೂ ಬಂದರೆ ನಮ್ಮನ್ನು ಕೇಳಲೇಬೇಕಾದ ಹೊಣೆ ಯಾವ ಸರ್ಕಾರದ ಮೇಲೂ ಇಲ್ಲ. ಕೇಳುವುದಾದರೆ, ಗೆಲ್ಲಲು ಎಷ್ಟು ಮತ ಬೇಕು, ಗೆದ್ದ ಮೇಲೆ ಯಾವ ಕಾನೂನು ಯಾವ ದಿನದಿಂದ ಜಾರಿಗೆ ಬರುತ್ತದೆ ಎಂಬುದನ್ನು ಮತದಾನಕ್ಕೆ ಮುಂಚೆಯೇ ಬರೆದು ಕೊಡಿ ಎಂದು ಕೇಳುವ ಹಕ್ಕನ್ನು ನಾವು ಬಿಡಬಾರದು.