0.35 ದೊಡ್ಡದೋ, 0.4 ದೊಡ್ಡದೋ? ಮಕ್ಕಳಿಗೆ ದಶಮಾಂಶದ ಸ್ಥಾನಬೆಲೆ ಹೇಳಿಕೊಡೋದು ಹೇಗೆ

ಪ್ರಶ್ನೆ
ಐದನೇ ಕ್ಲಾಸಿನ ಮಕ್ಕಳು 0.4ಕ್ಕಿಂತ 0.35 ದೊಡ್ಡದು ಅಂತಾರೆ. ಯಾಕೆ ಅಂದ್ರೆ "35 ದೊಡ್ಡದಲ್ವಾ" ಅಂತಾರೆ. ಸೊನ್ನೆ ಸೇರಿಸಿ 0.40 ಅಂತ ಬರೆಸಿದರೆ ಸರಿ ಹೇಳ್ತಾರೆ, ಮರುದಿನ ಮತ್ತೆ ಅದೇ ತಪ್ಪು. ರೂಪಾಯಿ-ಪೈಸೆಯ ಉದಾಹರಣೆಯೂ ಕೆಲಸಕ್ಕೆ ಬರ್ತಿಲ್ಲ.

ಉತ್ತರ 1
ಮೊದಲು ಓದೋ ಕ್ರಮ ಸರಿಮಾಡಿ ಮೇಡಂ. "ಪಾಯಿಂಟ್ ಮೂವತ್ತೈದು" ಬೇಡ, "ಪಾಯಿಂಟ್ ಮೂರು ಐದು" ಅನ್ನಿಸಿ. ಮೂವತ್ತೈದು ಅಂದ ಕೂಡಲೇ 3 ಹೋಗಿ ಹತ್ತರ ಸ್ಥಾನದಲ್ಲಿ ಕೂರುತ್ತೆ. ಅಲ್ಲಿರೋದು 3 ದಶಾಂಶ (ಒಂದನ್ನ ಹತ್ತು ಮಾಡಿದ ಭಾಗ), 5 ಶತಾಂಶ (ಒಂದನ್ನ ನೂರು ಮಾಡಿದ ಭಾಗ).

ಪೈಸೆಯನ್ನ ಸದ್ಯಕ್ಕೆ ಬಿಡಿ. 4.35 ರೂಪಾಯಿ ಅಂದ್ರೆ ಮಗುವಿಗೆ 4 ಒಂದು ಸಂಖ್ಯೆ, 35 ಇನ್ನೊಂದು, ನಡುವೆ ಚುಕ್ಕಿ. ನೀವು ತಿದ್ದಬೇಕಾದ ತಪ್ಪನ್ನೇ ಅದು ಗಟ್ಟಿ ಮಾಡುತ್ತೆ.

ಒಂದು ಮೀಟರ್ ಉದ್ದದ ಕಾಗದದ ಪಟ್ಟಿ ತಗೊಳ್ಳಿ. ಮಡಚಬೇಡಿ, ಮಡಚಿದರೆ 8 ಇಲ್ಲವೇ 16 ಭಾಗ ಆಗುತ್ತೆ; ಸ್ಕೇಲ್ ಇಟ್ಟು 10 ಸೆಂ.ಮೀ.ಗೊಂದು ಗೆರೆ ಎಳೆದು ಕತ್ತರಿಸಿ. ಒಂದೊಂದು ತುಂಡು 0.1. ಅದರಲ್ಲೊಂದನ್ನ 1 ಸೆಂ.ಮೀ.ನ ಹತ್ತು ಚೂರು ಮಾಡಿ, ಒಂದೊಂದೂ 0.01. ಈಗ 0.4ಕ್ಕೆ ನಾಲ್ಕು ತುಂಡು ಜೋಡಿಸಲಿ, ಅದರ ಕೆಳಗೆ 0.35ಕ್ಕೆ ಮೂರು ತುಂಡು, ಐದು ಚೂರು. ಯಾವುದು ಉದ್ದ ಅಂತ ಕಣ್ಣಿಗೇ ಕಾಣುತ್ತೆ. 0.05 ಜೋಡಿಸಿದಾಗ, ತುಂಡು ಒಂದೂ ಇಲ್ಲ ಅಂತ ಹೇಳೋಕೇ ನಡುವಿನ ಸೊನ್ನೆ ಇರೋದು ಅನ್ನೋದೂ ಹೊಳೆಯುತ್ತೆ.

ಉತ್ತರ 2
ಇದರ ಉಲ್ಟಾ ತಪ್ಪೂ ಇದೆ. "ಶತಾಂಶ ಅಂದ್ರೆ ಚಿಕ್ಕದು, ಅದಕ್ಕೆ 0.3ಕ್ಕಿಂತ 0.35 ಚಿಕ್ಕದು" ಅನ್ನೋ ಮಗು ನಿಮ್ಮ ಪ್ರಶ್ನೆಗೆ ಸರಿಯುತ್ತರವನ್ನೇ ಕೊಡುತ್ತೆ, ಕಾರಣ ಮಾತ್ರ ತಪ್ಪು! ಹಾಗಾಗಿ 0.35 ಮತ್ತು 0.4, 0.35 ಮತ್ತು 0.3 ಎರಡೂ ಜೋಡಿ ಕೇಳಿ.

ಇನ್ನೊಂದು, ಚುಕ್ಕಿಯ ಬಲಕ್ಕೂ "ಬಿಡಿ" ಸ್ಥಾನ ಹುಡುಕುತ್ತಾರೆ. ನಡುಮನೆ ಬಿಡಿಸ್ಥಾನವೇ, ಚುಕ್ಕಿ ಅಲ್ಲ. ಬಿಡಿಯ ಎಡಕ್ಕೆ ಹತ್ತು, ನೂರು. ಬಲಕ್ಕೆ ದಶಾಂಶ, ಶತಾಂಶ. ಬಿಡಿ ಎಲ್ಲಿ ಮುಗಿಯಿತು ಅಂತ ತೋರಿಸೋದಷ್ಟೇ ಚುಕ್ಕಿಯ ಕೆಲಸ.

ಪ್ರಶ್ನೆ ಕೇಳಿದವರು
ಹಾಗಾದ್ರೆ ಸೊನ್ನೆ ಸೇರಿಸೋದು ತಪ್ಪಾ?

ಉತ್ತರ 1
ತಪ್ಪಲ್ಲ, 4 ದಶಾಂಶ ಅಂದ್ರೆ 40 ಶತಾಂಶ. ಆದರೆ ಒಂದು ತುಂಡು ಕೊಟ್ಟು ಹತ್ತು ಚೂರು ತಗೊಳ್ಳೋದು ಕೈಗೆ ರೂಢಿಯಾದ ಮೇಲೆ ಹೇಳಿ. ಮೊದಲೇ ಹೇಳಿದರೆ 2.5 × 10 = 2.50 ಅಂತಲೂ ಬರೀತಾರೆ.

ಉತ್ತರ 3
ಕ್ರಿಕೆಟ್ ಹುಚ್ಚಿನ ಮಕ್ಕಳಿದ್ರೆ ಎಚ್ಚರ. 18.4 ಓವರ್ ದಶಮಾಂಶವೇ ಅಲ್ಲ, 18 ಓವರ್ 4 ಎಸೆತ. ರನ್ ರೇಟ್ ತೆಗೆಯೋಕೆ 18.4ರಿಂದ ಭಾಗಿಸಿದರೆ ತಪ್ಪು. 4/6 ಸುಮಾರು 0.67, ಹಾಗಾಗಿ 18.67ರಿಂದ ಭಾಗಿಸಬೇಕು. 18.5 ಆದ ಮೇಲೆ 18.6 ಬರದೆ 19 ಯಾಕೆ ಬರುತ್ತೆ ಅಂತ ಕೇಳಿ ನೋಡಿ, ಅವರೇ ಹೇಳ್ತಾರೆ.