ಚೆರ್ರಿ ಲಿಕರ್: ಸಕ್ಕರೆ ಮೊದಲಾ, ಸ್ಪಿರಿಟ್ ಮೊದಲಾ? ಹೋದ ಸಲ ಬಗ್ಗಡವಾಗಿ ಬಿರಡೆ ಹಾರಿತು

ಪೊಜ್ನಾನ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಪೋಲೆಂಡಿನಲ್ಲಿ ಈಗ ಹುಳಿ ಚೆರ್ರಿಯ ಕಾಲ. ಸಂತೆಯಿಂದ ತಂದ ವುಟುಫ್ಕಾ ತಳಿಯ ಹಣ್ಣು 3 ಕೆ.ಜಿ. ಇದೆ. ಜೊತೆಗೆ 40% ವೋಡ್ಕಾ 2 ಲೀಟರ್, 95% ಸ್ಪಿರಿಟ್ ಅರ್ಧ ಲೀಟರ್, 5 ಲೀಟರಿನ ಗಾಜಿನ ಭರಣಿ ಒಂದು. ಇಲ್ಲಿನವರ ವಿಷ್ನ್ಯೂಫ್ಕಾ, ಅಂದರೆ ಹಣ್ಣು ನೆನೆಸಿ ಮಾಡುವ ಸಿಹಿ ಚೆರ್ರಿ ಲಿಕರ್, ಮಾಡಬೇಕು.

ಹೋದ ವರ್ಷದ ಅಳತೆ ಹೀಗಿತ್ತು: ಹಣ್ಣು 1 ಕೆ.ಜಿ., ಸಕ್ಕರೆ 600 ಗ್ರಾಂ, 40% ವೋಡ್ಕಾ ಅರ್ಧ ಲೀಟರ್. ಹಣ್ಣಿಗೆ ಸಕ್ಕರೆ ಬೆರೆಸಿ 4 ದಿನ ಬಿಟ್ಟು, ಆಮೇಲೆ ವೋಡ್ಕಾ ಸುರಿದದ್ದು. 6 ವಾರ ಕಳೆದ ಮೇಲೆ ಬಟ್ಟೆಯಲ್ಲಿ ಹಿಂಡಿ ಬಾಟಲಿಗೆ ತುಂಬಿದೆ. ಬಣ್ಣವೆಲ್ಲ ಬಗ್ಗಡ, ಹುಳಿ ಬಂದ ಹಿಟ್ಟಿನ ವಾಸನೆ, ತಿಂಗಳೊಳಗೆ ಒಂದು ಬಾಟಲಿಯ ಬಿರಡೆಯೇ ಹಾರಿತು. ಉಳಿದ 1.2 ಲೀಟರ್ ಇನ್ನೂ ಫ್ರಿಜ್ಜಿನಲ್ಲಿದೆ.

ತಪ್ಪಿದ್ದೆಲ್ಲಿ? ಸಕ್ಕರೆ ಮೊದಲಾ, ಸ್ಪಿರಿಟ್ ಮೊದಲಾ? ಗೊರಟು ತೆಗೆಯಬೇಕಾ? ಫ್ರಿಜ್ಜಿನಲ್ಲಿರುವುದನ್ನು ಉಳಿಸಿಕೊಳ್ಳಬಹುದಾ?

ಹಳೇಭರಣಿ

ಹಣ್ಣಿನೊಳಗಿನ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದುದೇ ತಪ್ಪು. ಮಿಕ್ಕಿದ್ದೆಲ್ಲ ಅದರ ಹಿಂದೆ ಬಂದ ತೊಂದರೆ.

1 ಕೆ.ಜಿ. ಚೆರ್ರಿಯಲ್ಲಿ ಗೊರಟಿನ ತೂಕ ಹತ್ತಿರ ಹತ್ತಿರ 100 ಗ್ರಾಂ. ಉಳಿದ 900 ಗ್ರಾಂ ತಿರುಳಿನಲ್ಲಿ ನೀರೇ ಸುಮಾರು 770 ಮಿ.ಲೀ. 600 ಗ್ರಾಂ ಸಕ್ಕರೆ ಕರಗಿದಾಗ 370 ಮಿ.ಲೀ. ಜಾಗ ಹಿಡಿಯುತ್ತದೆ. ವೋಡ್ಕಾ 500 ಸೇರಿ ಒಟ್ಟು 1640 ಮಿ.ಲೀ. ಅದರಲ್ಲಿ ಶುದ್ಧ ಆಲ್ಕೊಹಾಲ್ 200 ಮಿ.ಲೀ. ಮಾತ್ರ, ಅಂದರೆ 12%. ಯೀಸ್ಟ್‌ಗೆ ಇದು ಸಾಯುವ ಪ್ರಮಾಣವೇ ಅಲ್ಲ, ವೈನ್ ಹುದುಗುವುದೇ ಅಷ್ಟರಲ್ಲಿ. ಮೊದಲ 4 ದಿನ ಹಣ್ಣು ಬರೀ ಸಕ್ಕರೆಯಲ್ಲಿ ಕೂತಾಗಲೇ ಯೀಸ್ಟ್ ಎಚ್ಚತ್ತಿತ್ತು, ವೋಡ್ಕಾ ಅದನ್ನು ಮಲಗಿಸಲಿಲ್ಲ. ಗಾಳಿಯಾಡದ ಬಾಟಲಿಯಲ್ಲಿ ಅನಿಲ ಕಟ್ಟಿಕೊಂಡು ಬಿರಡೆ ಹಾರಿದೆ. ಬಿರಡೆಯಷ್ಟೇ ಹಾರಿತಲ್ಲ, ಗಾಜು ಒಡೆಯಲಿಲ್ಲವಲ್ಲ, ಅದೇ ಸಮಾಧಾನ. ಫ್ರಿಜ್ಜಿನಲ್ಲಿರುವ ಬಾಟಲಿಗಳ ಮುಚ್ಚಳ ಈಗಲೇ ಒಮ್ಮೆ ಸಡಿಲಿಸಿ.

ಕೊನೆಯ ಲೆಕ್ಕ ಯಾವತ್ತೂ 20%ಕ್ಕಿಂತ ಕೆಳಗೆ ಇಳಿಯಬಾರದು. ಹುಳಿ ಚೆರ್ರಿಗೆ 28ರಿಂದ 32% ಚೆನ್ನ: ಘಾಟು ಹೊಡೆಯುವುದಿಲ್ಲ, ಹಣ್ಣಿನ ರುಚಿಯೂ ತೆಳುವಾಗುವುದಿಲ್ಲ.

ನಿಮ್ಮ ಹತ್ತಿರ ಇರುವುದಕ್ಕೆ 3 ಕೆ.ಜಿ. ಹಣ್ಣು ಜಾಸ್ತಿಯಾಯಿತು. ಎಲ್ಲ ಹಾಕಿ 1 ಕೆ.ಜಿ. ಸಕ್ಕರೆ ಸೇರಿಸಿದರೆ 23.5%ಕ್ಕೆ ನಿಲ್ಲುತ್ತದೆ, 5 ಲೀಟರಿನ ಭರಣಿಯಲ್ಲಿ ಹಿಡಿಯುವುದೂ ಇಲ್ಲ. 2 ಕೆ.ಜಿ. ಹಾಕಿ, ಸಕ್ಕರೆ 700 ಗ್ರಾಂ. ಆಗ ಆಲ್ಕೊಹಾಲ್ 1275 ಮಿ.ಲೀ., ಒಟ್ಟು ದ್ರವ ಸುಮಾರು 4.5 ಲೀಟರ್, 28% ದಾಟುತ್ತದೆ. ಉಳಿದ 1 ಕೆ.ಜಿ. ಫ್ರೀಜರಿಗೆ ಹಾಕಿಡಿ. ಹೆಪ್ಪುಗಟ್ಟಿ ಕರಗಿದ ಹಣ್ಣಿನ ಕೋಶಗಳು ಒಡೆದಿರುವುದರಿಂದ ರಸ ಇನ್ನೂ ಬೇಗ ಬಿಡುತ್ತದೆ, ಲಿಕರಿಗೆ ನಷ್ಟವಿಲ್ಲ.

ಸ್ಪಿರಿಟ್ ಮೊದಲು, ಸಕ್ಕರೆ ಆಮೇಲೆ. ಹಣ್ಣು ತೊಳೆದು, ತೊಟ್ಟು ತೆಗೆದು, ಬಟ್ಟೆಯ ಮೇಲೆ ಹರಡಿ ನೀರಾರಿಸಿ. ಒಂದು ಕೊಳೆತ ಹಣ್ಣೂ ಒಳಗೆ ಹೋಗಬಾರದು, ಅದರ ಮಣ್ಣು ವಾಸನೆಯನ್ನು ಆಲ್ಕೊಹಾಲ್ ಎಳೆದುಕೊಳ್ಳುತ್ತದೆ. ವೋಡ್ಕಾ ಮತ್ತು 95% ಸ್ಪಿರಿಟ್ ಎರಡನ್ನೂ ಬೇರೆ ಪಾತ್ರೆಯಲ್ಲಿ ಬೆರೆಸಿಯೇ ಸುರಿಯಿರಿ. ಬೆರೆಸಿದ್ದು 51% ಆಗುತ್ತದೆ. 95% ಅನ್ನು ನೇರವಾಗಿ ಹಣ್ಣಿನ ಮೇಲೆ ಸುರಿದರೆ ತಿರುಳು ಒಮ್ಮೆಲೇ ನೀರು ಕಳೆದುಕೊಂಡು ಚರ್ಮದಂತೆ ಬಿಗಿಯುತ್ತದೆ, ರಸ ಬಿಡಲು ಸತಾಯಿಸುತ್ತದೆ. ಹತ್ತಿರ ಒಲೆ, ದೀಪ ಏನೂ ಉರಿಯುತ್ತಿರಬಾರದು.

ಕೆಲವು ಹಣ್ಣು ತೇಲಬಹುದು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತಿರಬೇಕಲ್ಲ, ಇಲ್ಲೂ ಹಾಗೇ ಸ್ಪಿರಿಟ್ ಹಣ್ಣನ್ನು ಮುಚ್ಚಿರಬೇಕು. ಮೊದಲ ವಾರ ದಿನಾ ಒಮ್ಮೆ ಭರಣಿ ಅಲುಗಿಸಿದರೆ ಸಾಕು, ಆಮೇಲೆ ಮೂರು ದಿನಕ್ಕೊಮ್ಮೆ. ಬೆಳಕು ಬೀಳದ ಬೀರುವಿನಲ್ಲಿ 4-5 ವಾರ. ಮುಚ್ಚಳದ ರಬ್ಬರ್ ದ್ರವಕ್ಕೆ ತಾಗದಿರಲಿ, 50% ಮೇಲಿನ ಸ್ಪಿರಿಟ್ ರಬ್ಬರಿನ ವಾಸನೆ ಹೀರುತ್ತದೆ.

ಸೋಸಿ, ಬಂದ ದ್ರವವನ್ನು ಬೇರೆ ಬಾಟಲಿಗಳಲ್ಲಿ ಮುಚ್ಚಿಡಿ. ಭರಣಿಯಲ್ಲಿ ಉಳಿದ ಹಣ್ಣಿಗೆ ಆ 700 ಗ್ರಾಂ ಸಕ್ಕರೆ ಹಾಕಿ ಅಲುಗಿಸಿ. ಹಣ್ಣು ಈಗಾಗಲೇ ಆಲ್ಕೊಹಾಲ್ ಕುಡಿದು ಕೂತಿದೆ, ಹಾಗಾಗಿ ಹುದುಗುವುದಿಲ್ಲ. ಸಕ್ಕರೆ ಆ ರಸವನ್ನು ಹೊರಗೆಳೆದು 2 ವಾರದಲ್ಲಿ ದಟ್ಟ ಪಾಕ ಮಾಡುತ್ತದೆ. ತಳದಲ್ಲಿ ಕಾಳು ಉಳಿದಿದ್ದರೆ ಇನ್ನೂ ಕೆಲವು ದಿನ ಕಾಯಿರಿ, ಬಿಸಿ ಮಾಡಬೇಡಿ. ಪಾಕ ಬಸಿದು ಮೊದಲಿನದಕ್ಕೆ ಸೇರಿಸಿ. ಸೇರಿಸುವಾಗ ಮುಕ್ಕಾಲು ಪಾಲು ಪಾಕ ಹಾಕಿ ರುಚಿ ನೋಡಿ. ಉಳಿದದ್ದನ್ನು ನಾಲಿಗೆ ಕೇಳಿದಷ್ಟೇ ಹಾಕಿ. ಕಡೆಗೆ ಹಣ್ಣಿನಲ್ಲಿ ಒಂದಷ್ಟು ಉಳಿದೇ ಉಳಿಯುತ್ತದೆ, ಕೈಗೆ ಸಿಗುವುದು 3.5 ಲೀಟರ್ ಆಸುಪಾಸು. 3 ತಿಂಗಳ ಮೊದಲು ಕುಡಿದರೆ ಸ್ಪಿರಿಟ್ ಬೇರೆ, ಹಣ್ಣು ಬೇರೆ ಅನ್ನಿಸುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ತೆರೆಯಿರಿ.

ಹಳೆಯದರ ವಿಚಾರ: ವಿನೆಗರ್ ವಾಸನೆ ಬಂದಿದ್ದರೆ ಚೆಲ್ಲಿ. ಬರೀ ಯೀಸ್ಟ್ ವಾಸನೆಯಿದ್ದರೆ 1.2 ಲೀಟರಿಗೆ 95% ಸ್ಪಿರಿಟ್ 225 ಮಿ.ಲೀ. ಬೆರೆಸಿ, 25%ಕ್ಕೆ ಏರುತ್ತದೆ, ಹುದುಗು ನಿಲ್ಲುತ್ತದೆ. ರುಚಿ ಸಿಹಿ ವೈನಿನ ಕಡೆಗೆ ವಾಲಿರುತ್ತದೆ, ಕೇಕಿಗೆ ಒಳ್ಳೆಯದು. ಇದಕ್ಕೆ ಬೇರೆ ಸ್ಪಿರಿಟ್ ತನ್ನಿ. ಭರಣಿಯ ಪಾಲಿನಿಂದ ತೆಗೆದರೆ ಹೊಸದರ ಲೆಕ್ಕ ಕೆಡುತ್ತದೆ.

ಕಿಣ್ವಪ್ರಿಯೆ

ಗೊರಟಿನ ಪ್ರಶ್ನೆ ಉಳಿದುಹೋಯಿತು. ಅದನ್ನು ಹಗುರವಾಗಿ ನೋಡಬೇಡಿ.

ಗೊರಟಿನೊಳಗಿನ ಬೀಜದಲ್ಲಿ ಅಮಿಗ್ಡಲಿನ್ ಇದೆ. ಬೀಜ ಜಜ್ಜಿದಾಗ ಅಲ್ಲೇ ಇರುವ ಕಿಣ್ವ ಅದನ್ನು ಒಡೆಯುತ್ತದೆ. ಹೊರಬರುವುದು ಒಂದು ಬೆಂಜಾಲ್ಡಿಹೈಡ್, ಬಾದಾಮಿ ಎಸೆನ್ಸಿನ ಪರಿಮಳ ಅದರದೇ. ಇನ್ನೊಂದು ಹೈಡ್ರೋಜನ್ ಸಯನೈಡ್. ಆ ಪರಿಮಳ ಒಂದಿಷ್ಟು ಬೇಕು, ಚೆರ್ರಿ ಲಿಕರಿಗೆ ಮೈ ಬರುವುದು ಅದರಿಂದಲೇ. ಆದರೆ ಒಡೆದ ಗೊರಟು ಒಂದೂ ಭರಣಿಗೆ ಹೋಗಬಾರದು. ಹತ್ತರಲ್ಲಿ ಒಂಬತ್ತು ಹಣ್ಣಿನ ಗೊರಟು ತೆಗೆದು, ಒಂದನ್ನು ಇಡಿಯಾಗಿ ಬಿಡಿ, 5 ವಾರಕ್ಕೆ ಸೋಸುವಾಗ ಅದೂ ಆಚೆ ಬರಲಿ. ತಿಂಗಳುಗಟ್ಟಲೆ ಬಿಟ್ಟರೆ ಮೇಲಿನ ರುಚಿ ಕಹಿಗೆ ತಿರುಗುತ್ತದೆ. ಮಿಕ್ಸಿಗೆ ಹಾಕುವ ಯೋಚನೆಯಂತೂ ಬೇಡವೇ ಬೇಡ.

ಕತ್ತಲಲ್ಲಿ ಇಡಿ ಅನ್ನುವುದು ಬರೀ ಬಣ್ಣಕ್ಕಾಗಿ ಅಲ್ಲ. ಗೊರಟಿನಿಂದ ಬಂದ ಸಯನೈಡ್ ಅಂಶ ಎಥನಾಲ್ (ಕುಡಿಯುವ ಆಲ್ಕೊಹಾಲ್) ಜೊತೆ ಸೇರಿ ಈಥೈಲ್ ಕಾರ್ಬಮೇಟ್ ಎಂಬ, ಕ್ಯಾನ್ಸರ್ ತರಬಹುದಾದ ವಸ್ತು ಆಗುತ್ತದೆ, ಬೆಳಕು ಅದನ್ನು ಚುರುಕುಗೊಳಿಸುತ್ತದೆ. ಗೊರಟಿನ ಹಣ್ಣುಗಳ ಮದ್ಯಕ್ಕೆ ಯುರೋಪಿಯನ್ ಒಕ್ಕೂಟ ಇದು ಲೀಟರಿಗೆ 1 ಮಿ.ಗ್ರಾಂ. ಮೀರದಿರಲಿ ಎಂಬ ಗುರಿ ಇಟ್ಟಿರುವುದು ಇದಕ್ಕೇ. ಕಿಟಕಿಯ ಮೇಲೆ ಚಂದಕ್ಕೆ ಸಾಲಾಗಿ ಜೋಡಿಸುವ ಆಸೆಯನ್ನು ಬಿಟ್ಟುಬಿಡಿ.

ಬಗ್ಗಡದ ಕಾರಣ ಪೆಕ್ಟಿನ್. ಜಾಮ್ ಗಟ್ಟಿಯಾಗುವುದೂ ಅದರಿಂದಲೇ. ಆಲ್ಕೊಹಾಲಿನಲ್ಲಿ ಅದು ಕರಗದೆ ಲೋಳೆ ಲೋಳೆಯಾಗಿ ಕಟ್ಟಿಕೊಳ್ಳುತ್ತದೆ. ಹಣ್ಣು ಹಿಂಡಿದಷ್ಟೂ, ಬೇಯಿಸಿದಷ್ಟೂ ಹೆಚ್ಚು ಬರುತ್ತದೆ. ಆದ್ದರಿಂದ ಹಿಂಡಬೇಡಿ, ತಾನೇ ಬಸಿಯಲಿ. ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಬಳಸುವುದಾದರೆ ಸ್ಪಿರಿಟ್ ಹಾಕುವ ಮೊದಲೇ ಬಳಸಬೇಕು, ಗಟ್ಟಿ ಆಲ್ಕೊಹಾಲಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಬಟ್ಟೆಯಲ್ಲಿ ಸೋಸಿದ್ದನ್ನು 3 ವಾರ ಅಲುಗಾಡಿಸದೆ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಸಣ್ಣ ಪೈಪ್ ಇಳಿಬಿಟ್ಟು ಮೇಲಿನ ತಿಳಿಯನ್ನಷ್ಟೇ ಎಳೆದುಕೊಳ್ಳಿ, ಆಮೇಲೆ ಕಾಫಿ ಫಿಲ್ಟರ್ ಪೇಪರ್. ನೇರವಾಗಿ ಪೇಪರಿಗೆ ಸುರಿದರೆ ಎರಡು ಲೋಟಕ್ಕೆ ಕಟ್ಟಿಕೊಂಡು ಇಡೀ ದಿನ ಹಾಳು.

ಇನ್ನೊಂದು: ಸಕ್ಕರೆ ಸೇರಿದ ಮೇಲೆ ಆಲ್ಕೊಹಾಲ್ ಮೀಟರ್ ಇಳಿಬಿಟ್ಟು ನೋಡಬೇಡಿ. ಅದು ಅಳೆಯುವುದು ಸಾಂದ್ರತೆಯನ್ನು, ಸಕ್ಕರೆ ಅದನ್ನು ಏರಿಸಿರುತ್ತದೆ, ಸುಳ್ಳು ಸಂಖ್ಯೆ ತೋರಿಸುತ್ತದೆ. ಹಳೇಭರಣಿಯವರು ಮಾಡಿದಂತೆ ಕೂಡಿ ಕಳೆಯುವುದೇ ದಾರಿ.

ಬಸವನಗುಡಿ_ಬೀದಿ

ಬೆಂಗಳೂರಿನಲ್ಲಿ ಸಿಗುವುದು ಕಾಶ್ಮೀರದ ಸಿಹಿ ಚೆರ್ರಿ, ಮೇ ಕೊನೆಯಿಂದ ಜುಲೈ ತನಕ. 95% ಸ್ಪಿರಿಟ್ ಅಂಗಡಿಯಲ್ಲಿ ಇಲ್ಲ. ಇದೇ ಅಳತೆ ನಡೆಯುತ್ತದಾ? ಬೇಕರಿ ಸಾಮಾನಿನ ಅಂಗಡಿಯ ಕೆಂಪು ಚೆರ್ರಿ ಹಾಕಬಹುದಾ?

ಹಳೇಭರಣಿ

ಬೇಕರಿಯದು ಬೇಡ. ಅದು ಬಹುಪಾಲು ಚೆರ್ರಿಯೇ ಅಲ್ಲ, ಬಣ್ಣ ಹಾಕಿ ಪಾಕದಲ್ಲಿ ಅದ್ದಿದ ಕವಳಿಕಾಯಿ. ಸ್ಪಿರಿಟಿಗೆ ಬಿಟ್ಟುಕೊಡುವುದು ಬಣ್ಣ ಮತ್ತು ಸಕ್ಕರೆ, ಅಷ್ಟೇ. ಲ್ಯಾಬಿನ ಸ್ಪಿರಿಟ್, ಸ್ಯಾನಿಟೈಸರಿನ ಸ್ಪಿರಿಟ್ ಕಡೆ ಕಣ್ಣೂ ಹಾಯಿಸಬೇಡಿ, ಅದರಲ್ಲಿ ಮೆಥನಾಲ್ ಬೆರೆಸಿರಬಹುದು. ಮನೆಯಲ್ಲಿ ಭಟ್ಟಿ ಇಳಿಸುವುದು ಕಾನೂನಿಗೆ ವಿರುದ್ಧ, ಅಪಾಯ ಕೂಡ. ಇಲ್ಲಿ ಅದರ ಅಗತ್ಯವೂ ಇಲ್ಲ.

ನಮ್ಮ ವೋಡ್ಕಾ, ಬ್ರಾಂದಿ 42.8% ಇರುತ್ತದೆ, ಹಣ್ಣು ಕಡಿಮೆ ಮಾಡಿದರೆ ಸಾಕು. 1 ಲೀಟರಿಗೆ ಗೊರಟು ತೆಗೆದ ಹಣ್ಣು 650 ಗ್ರಾಂ, ಸಕ್ಕರೆ 150 ಗ್ರಾಂ: 26%ಕ್ಕೆ ನಿಲ್ಲುತ್ತದೆ. ಸಿಹಿ ಚೆರ್ರಿಗೆ ಹುಳಿ ಕಡಿಮೆ, ಅದೇ ಅದರ ಕೊರತೆ. ರುಚಿ ಸಪ್ಪೆಯಾಗಿ ಕೆಮ್ಮಿನ ಸಿರಪ್ ನೆನಪಾಗುತ್ತದೆ, ಬಣ್ಣವೂ ಮಂಕು. ನಿಂಬೆ ಉಪ್ಪು 3 ಗ್ರಾಂ ಹಾಕಿ: ಹುಳಿ ಇದ್ದಾಗಲೇ ಹಣ್ಣಿನ ಬಣ್ಣ ಕೆಂಪಾಗಿ ಎದ್ದು ಕಾಣುವುದು. ನಿಂಬೆರಸ ಬೇಡ, ಅದರಿಂದ ಮತ್ತೆ ಬಗ್ಗಡ. ಅವಧಿ 3 ವಾರ ಸಾಕು.

ನಿಜ ಹೇಳಬೇಕೆಂದರೆ, ಅಷ್ಟು ಬೆಲೆ ಕೊಟ್ಟು ಕಾಶ್ಮೀರದ ಚೆರ್ರಿ ತರುವ ಬದಲು ನೇರಳೆ, ಹಿಪ್ಪುನೇರಳೆ ಹಣ್ಣಿನಲ್ಲಿ ಮಾಡಿ. ನೇರಳೆಯ ಬೀಜ ತೆಗೆದು 10 ದಿನ ಮಾತ್ರ, ಹೆಚ್ಚಾದರೆ ಒಗರು ಗಂಟಲು ಹಿಡಿಯುತ್ತದೆ. ಕೊಡಗಿನ ಕಿತ್ತಳೆಯದು ಸಿಪ್ಪೆ ಸಾಕು, ಒಳಗಿನ ಬಿಳಿ ಪೂರಾ ಕೆರೆದು 5 ದಿನ. ಬಿಳಿ ಉಳಿದರೆ ಕಹಿ ಖಂಡಿತ. ಅನಾನಸ್ ಒಂದು ವಾರ. ಮೃದು ಹಣ್ಣನ್ನು ತಿಂಗಳು ನೆನೆಸಿದರೆ ರುಚಿ ಹೆಚ್ಚುವುದಿಲ್ಲ, ಹಣ್ಣು ಕಲಸಿ ಮುದ್ದೆಯಾಗಿ ಸೋಸುವ ಕಷ್ಟ ಮಾತ್ರ ಹೆಚ್ಚುತ್ತದೆ.

ಕೊಡಗಿನ ಮನೆ ವೈನಿನ ಕ್ರಮವನ್ನು ಇದಕ್ಕೆ ಬೆರೆಸಬೇಡಿ. ಅಲ್ಲಿ ಹುದುಗಬೇಕು, ಅನಿಲ ಹೋಗಲು ದಾರಿ ಬೇಕು. ಇಲ್ಲಿ ಹುದುಗಲೇಬಾರದು, ಮುಚ್ಚಳ ಬಿಗಿಯಿರಬೇಕು.

ತೇಜೋ_ತೀರ

ಮಸಾಲೆ ಬಗ್ಗೆ ಯಾರೂ ಹೇಳಿಲ್ಲ. ಲಿಸ್ಬನ್ನಿನ ಜಿಂಜಿನ್ಯಾ ಕೂಡ ಹುಳಿ ಚೆರ್ರಿಯದೇ. ಸಾವ್ ದೊಮಿಂಗುಶ್ ಚೌಕದ ಪುಟ್ಟ ಅಂಗಡಿಯಲ್ಲಿ 1840ರಿಂದ ಮಾರುತ್ತಿದ್ದಾರೆ, ಲೋಟದಲ್ಲಿ ಹಣ್ಣು ಬೇಕಾ ಬೇಡವಾ ಅಂತ ಕೇಳಿ ಸುರಿಯುತ್ತಾರೆ. ಅದಕ್ಕೆ ಚಕ್ಕೆ ಹಾಕುವ ಪದ್ಧತಿ ಉಂಟು. ಆದರೆ ಚಕ್ಕೆ ಕೊನೆಯವರೆಗೆ ಇರಬಾರದು: 2 ಲೀಟರಿಗೆ ಬೆರಳುದ್ದದ ಒಂದು ತುಂಡು, ಕೊನೆಯ ಒಂದು ವಾರ. ಲವಂಗ ಎರಡೇ ಎರಡು, ಅದೂ 3 ದಿನ. ಲವಂಗದ ಎಣ್ಣೆ ಸ್ಪಿರಿಟಿನಲ್ಲಿ ಎಷ್ಟು ಬೇಗ ಇಳಿಯುತ್ತದೆಂದರೆ, ನಾಲ್ಕನ್ನು ತಿಂಗಳು ಬಿಟ್ಟರೆ ಚೆರ್ರಿ ಮಾಯವಾಗಿ ಹಲ್ಲುನೋವಿನ ಔಷಧಿ ಉಳಿಯುತ್ತದೆ.

ಪೊಜ್ನಾನ್_ಕನ್ನಡಿಗ

ಎಲ್ಲರಿಗೂ ತುಂಬಾ ಧನ್ಯವಾದ. 2 ಕೆ.ಜಿ. ಹಣ್ಣು, ಸ್ಪಿರಿಟ್ ಮೊದಲು, ಗೊರಟು ಹತ್ತಕ್ಕೊಂದು, ಹೀಗೇ ಮಾಡುತ್ತೇನೆ. ಸಕ್ಕರೆಯಲ್ಲಿ ಕೂತ ಹಣ್ಣನ್ನು ಕಡೆಗೆ ಏನು ಮಾಡುವುದು?

ಹಳೇಭರಣಿ

ಎಸೆಯಬೇಡಿ. ಅದಕ್ಕೆ 40% ವೋಡ್ಕಾ 200 ಮಿ.ಲೀ. ಸುರಿದು 3 ದಿನ ಬಿಟ್ಟು ಬಸಿದರೆ ಉಳಿದ ರಸವೂ ಬರುತ್ತದೆ, ಅದನ್ನೂ ಲಿಕರಿಗೆ ಸೇರಿಸಿ. ಆಮೇಲೆ ಗೊರಟಿರುವ ಹಣ್ಣು ಎಲ್ಲಾದರೂ ಉಳಿದಿದ್ದರೆ ಆರಿಸಿ ತೆಗೆದು, ಉಳಿದದ್ದನ್ನು ಚಿಕ್ಕ ಬಾಟಲಿಗೆ ತುಂಬಿ, ಮುಳುಗುವಷ್ಟು ಲಿಕರ್ ಹಾಕಿ ಫ್ರಿಜ್ಜಿನಲ್ಲಿಡಿ. ಐಸ್‌ಕ್ರೀಮ್ ಮೇಲೆ, ಚಾಕೊಲೇಟ್ ಕೇಕಿನ ಒಳಗೆ ಸೊಗಸು. ಹಣ್ಣಿನೊಳಗೆ ಲಿಕರಿನಷ್ಟೇ ಆಲ್ಕೊಹಾಲ್ ಇರುತ್ತದೆ, ಬಾಟಲಿಗೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.